ನರ್ಸು ಅನ್ನಲೊಲ್ಲದ ಅಪ್ಪ

ಬರ್ಮಿಂಗ್‌ಹ್ಯಾಮಿನ ಮಕ್ಕಳ ವಾರ್ಡಿನಲ್ಲಿ ಹದಿನೆಂಟು ವರ್ಷ ಕಳೆದವಳಿಗೆ ನಗೋದಕ್ಕೆ ಬೇಕಾದಷ್ಟು ಸಿಗುತ್ತದೆ. ನನ್ನನ್ನು ಹೆಚ್ಚು ನಗಿಸಿದ್ದು, ಅಳಿಸಿದ್ದು ಮಾತ್ರ ನಮ್ಮಪ್ಪ. ಮೈಸೂರಿನಲ್ಲಿ ಹೆಡ್‌ಮಾಸ್ಟರಾಗಿದ್ದವರು. ಮಗಳು ನರ್ಸು ಅಂತ ಯಾರ ಮುಂದೆಯೂ ಬಾಯಿಬಿಟ್ಟವರಲ್ಲ. ಕೇಳಿದವರಿಗೆ "ಇಂಗ್ಲೆಂಡಿನಲ್ಲಿ ಆಸ್ಪತ್ರೆಯಲ್ಲಿದ್ದಾಳೆ" ಅನ್ನೋರು. "ಅಯ್ಯೋ, ಏನಾಯ್ತು ಪಾಪ?" ಅಂತ ಒಬ್ಬರು ಗಾಬರಿಯಾಗಿದ್ದೂ ಉಂಟು. ಒಂದೇ ಒಂದು ಸಲ ಅವರ ಬಾಯಲ್ಲಿ ಆ ಮಾತು ಕೇಳಬೇಕು ಅನ್ನೋದು ನನ್ನ ಆಸೆಯಾಗಿತ್ತು.

೧. ಬಡ್ತಿ

ಇಲ್ಲಿ ನರ್ಸುಗಳ ಸಂಬಳಕ್ಕೆ ಬ್ಯಾಂಡು ಅನ್ನೋ ದರ್ಜೆಗಳಿವೆ. ನಾನು ಐದರಲ್ಲಿ ಸೇರಿದೆ. ಕೆಲಸ ಮಾಡುತ್ತಲೇ ಮಾಸ್ಟರ್ಸ್ ಓದಿ, ನರ್ಸ್ ಪ್ರಾಕ್ಟೀಷನರ್ ಆಗಿ ಎಂಟಕ್ಕೆ ಏರಿದೆ. ಇನ್ನು ಮಗುವನ್ನು ನಾನೇ ಪರೀಕ್ಷೆ ಮಾಡಬಹುದು, ಔಷಧಿಯನ್ನೂ ನಾನೇ ಬರೆಯಬಹುದು. ಖುಷಿಯಲ್ಲಿ ಅಪ್ಪನಿಗೆ ಫೋನ್ ಮಾಡಿದೆ.

"ಹಾಗಾದ್ರೆ ಡಾಕ್ಟರಾದೆ ಅನ್ನು!"

"ಇಲ್ಲಪ್ಪ, ನರ್ಸೇ."

ಅಪ್ಪ ಅಂದರು, "ಇಷ್ಟೊಂದು ಪರೀಕ್ಷೆ ಪಾಸು ಮಾಡಿದ್ರೂ ಅದೇ ಕ್ಲಾಸಲ್ಲಿ ಕೂರಿಸಿದಾರಲ್ಲಮ್ಮ. ನನ್ನ ಸ್ಕೂಲಲ್ಲಿ ಯಾವ ಮಗೂಗೂ ನಾನು ಇಂಥ ಅನ್ಯಾಯ ಮಾಡಿಲ್ಲ."

೨. ಒಳ್ಳೇ ಹುಡುಗ

ಹೋದ ವರ್ಷ ಅಪ್ಪ ಇಲ್ಲಿಗೆ ಬಂದರು. ಎಜ್‌ಬಾಸ್ಟನ್ನಿನಲ್ಲಿ ಕನ್ನಡದವರೊಬ್ಬರ ಮನೆಯ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ನಾನು ತಡೆಯುವಷ್ಟರಲ್ಲಿ "ಮಗಳು ಮಕ್ಕಳ ಡಾಕ್ಟರು" ಅಂದೇಬಿಟ್ಟರು. ಎದುರಿಗೆ ಕೂತಿದ್ದ ಹುಡುಗ ಆ ವರ್ಷವಷ್ಟೇ ಡಾಕ್ಟರಾದವನು, ನಮ್ಮ ವಾರ್ಡಿನಲ್ಲೇ ಕೆಲಸ! ಇನ್ನೇನು ಮಾಡಲಿ, "ನಾನು ನರ್ಸು" ಅಂದೆ. ಅಪ್ಪ ತಲೆ ತಗ್ಗಿಸಿ ಸಾರನ್ನ ಕಲಸುತ್ತಲೇ ಇದ್ದರು.

ಹುಡುಗ ಸುಮ್ಮನಿರಲಿಲ್ಲ. "ಅಂಕಲ್, ನನಗೆ ಕೆಲಸ ಹೇಳಿಕೊಡೋರೇ ಇವರು. ಸಂಬಳಾನೂ ನನಗಿಂತ ಜಾಸ್ತಿ" ಅಂದ. ಅದು ನಿಜವೇ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ನಿಟ್ಟುಸಿರುಬಿಟ್ಟರು. "ಎಂಥ ಒಳ್ಳೇ ಹುಡುಗ, ಪಾಪ. ನಿನ್ನ ಮಾನ ಉಳಿಸೋಕೆ ತನ್ನ ಸಂಬಳವನ್ನೇ ಕಡಿಮೆ ಹೇಳ್ಕೊಂಡ."

೩. ಯಾರ ವಾರ್ಡು

ಊರಿಗೆ ಮರಳಿದ ನಾಲ್ಕು ತಿಂಗಳಿಗೆ ಅಪ್ಪ ಆಸ್ಪತ್ರೆ ಸೇರಿದರು. ವಿಮಾನ ಹತ್ತಿ ನಾನು ಮೈಸೂರು ಮುಟ್ಟುವಷ್ಟರಲ್ಲಿ ಅವರಿರಲಿಲ್ಲ. ಹೊರಡುವ ಹಿಂದಿನ ದಿನ ವಿಡಿಯೋ ಕಾಲಿನಲ್ಲಿ ಮಾತಾಡಿದ್ದೇ ಕೊನೆ. ಅಲ್ಲಿ ಅಣ್ಣ ಫೋನ್ ಹಿಡಿದಿದ್ದ. ಇಂಜೆಕ್ಷನ್ ಕೊಡಲು ಬಂದ ಡಾಕ್ಟರ ಕೈಯನ್ನು ಅಪ್ಪ ಪಕ್ಕಕ್ಕೆ ತಳ್ಳಿದರು.

"ನನ್ನ ಮಗಳು ನರ್ಸು. ಅವಳನ್ನ ಕೇಳದೆ ಏನೂ ಮಾಡಕೂಡದು!"

ಆ ಸ್ಥಿತಿಯಲ್ಲೂ ಹೆಡ್‌ಮಾಸ್ಟರ ಗಂಟಲು, ಇಡೀ ವಾರ್ಡಿಗೆ ಕೇಳಿಸಿರಬೇಕು. ಹದಿನೆಂಟು ವರ್ಷ ಕಾದಿದ್ದೆ ಆ ಮಾತಿಗೆ. ತಡೆಯಲಾಗದೆ ಅತ್ತುಬಿಟ್ಟೆ.

"ಕೊಡಲಿ ಬಿಡಿ ಅಪ್ಪ, ಅವರಿಗೆ ಗೊತ್ತಿರುತ್ತೆ. ನಾನು ಬರೀ ಮಕ್ಕಳ ನರ್ಸು."

"ಗೊತ್ತು ಕಣಮ್ಮ" ಅಂದರು ಅಪ್ಪ. "ಬೆಳಿಗ್ಗೆಯಿಂದ ನನಗೂ ಡೈಪರ್ ಹಾಕಿದಾರೆ. ಇನ್ನು ನಾನು ನಿನ್ನ ವಾರ್ಡಿನವನೇ."