ಇಪ್ಪತ್ತೈದು ಅಕ್ಷರದ ಕಳ್ಳಮಾಲು

ನಮ್ಮ ಮನೆಯಲ್ಲಿ ಕದ್ದ ಮಾಲು ಇದೆಯೆಂದು ನನಗೆ ಮೊದಲು ತಿಳಿಸಿದ್ದು ಆ ಕದ್ದ ಮಾಲೇ.

ಅವು ಗಣಿಯ ದಿನಗಳು. ಬಳ್ಳಾರಿಯಲ್ಲಿ ಬಿಳಿ ಬಟ್ಟೆ ಒಗೆದು ಹಾಕಿದರೆ ಒಣಗುವಷ್ಟರಲ್ಲಿ ನಸುಗೆಂಪಾಗುತ್ತಿತ್ತು. ಅದಿರಿನ ಲಾರಿಗಳ ಮೇಲೆ ಹೊದಿಸಲು ತಾಡಪಾಲು ಬೇಕಿತ್ತು, ನಮ್ಮ ಯಜಮಾನರು ಅಜರುದ್ದೀನ್ ತಾಡಪಾಲು ಹೊಲಿಯುತ್ತಿದ್ದರು. ಕೈತುಂಬ ಕೆಲಸವಿದ್ದ ಆ ವರ್ಷ ಒಂದು ಸಂಜೆ ಅವರು ಬಂಗಾರದ ಬದಲು ಕಂಪ್ಯೂಟರ್ ತಂದರು. ಬಿ.ಕಾಂ. ಓದಿದ ಹೆಂಡತಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಲಾರಿ ಎಣಿಸುವುದನ್ನು ನೋಡಲಾರದೆ ತಂದೆ ಎಂದರು. (ನಾನು ಲಾರಿ ಎಣಿಸುತ್ತಿರಲಿಲ್ಲ. ಸಿರುಗುಪ್ಪದ ಬಸ್ಸು ನೋಡುತ್ತಿದ್ದೆ. ಆ ಬಸ್ಸಿನ ಚಕ್ರಕ್ಕೆ ಮೆತ್ತಿದ ಗದ್ದೆಯ ಕೆಸರು ನನ್ನ ತವರಿನದು.)

ಕಂಪ್ಯೂಟರಿನ ಭಾಗಗಳನ್ನು ಜೋಡಿಸಿಕೊಟ್ಟವನು ಕುರುಗೋಡಿನ ಹನುಮೇಶ್. ಕೊನೆಯಲ್ಲಿ, ಯಂತ್ರವನ್ನು ನಡೆಸುವ ವಿಂಡೋಸ್ ಹಾಕುವಾಗ, ಅದು ಕೀ ನಂಬರು ಕೇಳಿತು. ಅದನ್ನು ಒಪ್ಪಿಸದಿದ್ದರೆ ಯಂತ್ರ ಮುಂದಕ್ಕೆ ಹೋಗದು. ಹನುಮೇಶ್ ಯಾವ ಚೀಟಿಯನ್ನೂ ನೋಡದೆ ಇಪ್ಪತ್ತೈದು ಅಕ್ಷರ, ಅಂಕಿಗಳನ್ನು ಮಗ್ಗಿ ಹೇಳಿದಂತೆ ಒತ್ತಿದ. ಎಂಥ ವಿದ್ಯಾವಂತ ಎಂದುಕೊಂಡೆ. ಯಜಮಾನರು ಕೆಂಪು ಧೂಳು ಬೀಳದಂತೆ ಮಾನಿಟರಿಗೊಂದು ನೀಲಿ ತಾಡಪಾಲಿನ ಹೊದಿಕೆ ಹೊಲಿದು, ನಾಲ್ಕೂ ಮೂಲೆಗೆ ರಿಂಗು ಹಾಕಿ ಹಗ್ಗ ಬಿಗಿದರು. ನಮ್ಮ ಪಡಸಾಲೆಯಲ್ಲಿ ಹದಿನೈದು ಇಂಚಿನ ಲಾರಿಯೊಂದು ನಿಂತಂತಿತ್ತು.

ಸತ್ಯನಾರಾಯಣಪೇಟೆಯ ನಮ್ಮ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ರೇಷನ್ ಕಾರ್ಡಿಗೆ ಅರ್ಜಿ, ಮಗನ ಫೀಸಿಗೆ ಅರ್ಜಿ, ಬೀದಿನಲ್ಲಿಗೆ ನೀರು ಬರಲಿಲ್ಲವೆಂದು ಅರ್ಜಿ. ನಾನು ಟೈಪು ಮಾಡುತ್ತಿದ್ದೆ, ಪ್ರಿಂಟರು ಕಿರುಗುಟ್ಟುತ್ತ ಕಾಗದ ಹೊರಹಾಕುತ್ತಿತ್ತು. ಅದುವರೆಗೆ ಆ ಬೀದಿಗೆ ನಾನು ಅಜರನ ಹೆಂಡತಿ, ಹಮೀದಾಬಿಯ ಸೊಸೆ. ಈಗ ಬಾಗಿಲಲ್ಲಿ ನಿಂತು "ಹುಮೇರಾ ಅದಾಳೇನ್ರಿ?" ಎಂದು ಕೇಳುತ್ತಿದ್ದರು. ಮದುವೆಯಾಗಿ ಮೂರು ವರ್ಷದ ಮೇಲೆ ನನ್ನ ಹೆಸರು ಆ ಹೊಸ್ತಿಲ ಮೇಲೆ ಕೇಳಿಸಿದ ಆ ಮಧ್ಯಾಹ್ನಗಳನ್ನು ನಾನು ಇಂದಿಗೂ ಮರೆತಿಲ್ಲ.

ಆಮೇಲೆ ಇಂಟರ್‌ನೆಟ್ಟು ಬಂತು. ಬಂದ ತಿಂಗಳಿಗೇ ಒಂದು ಬೆಳಿಗ್ಗೆ ಪರದೆಯ ಮೂಲೆಯಲ್ಲಿ ಒಂದು ನಕ್ಷತ್ರ ಮೂಡಿ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬಂದವು. ಈ ವಿಂಡೋಸ್ ಅಸಲಿಯಲ್ಲ ಎಂದು ಮೊದಲನೆಯದು. ನೀವು ಮೋಸಹೋಗಿರಬಹುದು ಎಂದು ಎರಡನೆಯದು. ಯಜಮಾನರಿಗೆ ಓದಿ ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತ, ಅಮ್ಮನಿಗೆ ಮಾತ್ರ ಗೊತ್ತಾಗಬಾರದು ಎಂದರು.

ಏಕೆಂದರೆ ನಮ್ಮತ್ತೆ ಹಮೀದಾಬಿಯದು ಒಂದೇ ಕಾನೂನು. ಕದ್ದ ಮಾಲು ಹೊಸ್ತಿಲು ದಾಟಿ ಬಂದರೆ, ಬಂದ ಬಾಗಿಲಲ್ಲೇ ಹೊರಗೆ ಹೋಗಬೇಕು. ಯಜಮಾನರು ಚಿಕ್ಕವರಿದ್ದಾಗ ಯಾರದೋ ಹೊಲದ ಎರಡು ಶೇಂಗಾ ಗಿಡ ಕಿತ್ತು ತಂದಿದ್ದಕ್ಕೆ, ಅವನ್ನು ವಾಪಸು ನೆಡಲು ರೂಪನಗುಡಿಯವರೆಗೆ ನಡೆಸಿಕೊಂಡು ಹೋಗಿದ್ದರಂತೆ. ಕಂಪ್ಯೂಟರ್ ಹೋದರೆ ಅದರ ಜೊತೆ ನನ್ನ ಹೆಸರೂ ಹೋಗುತ್ತಿತ್ತು.

ಎರಡೇ ದಿನಕ್ಕೆ ಅತ್ತೆ ನಕ್ಷತ್ರ ನೋಡಿದರು. ಏನು ಬರೆದಿದೆ ಎಂದು ಕೇಳಿದರು. ನಾನು ಮೊದಲ ಸಾಲನ್ನು ನುಂಗಿ ಎರಡನೆಯದನ್ನು ಮಾತ್ರ ಅನುವಾದಿಸಿದೆ.

"ನೀವು ಮೋಸ ಹೋಗಿರಬೌದು ಅಂತ ಬರದಾರ, ಅತ್ತಿ."

(ಸುಳ್ಳಲ್ಲ. ಕಾಲೇಜಿನಲ್ಲಾಗಿದ್ದರೆ ಅರ್ಧ ಅಂಕವಾದರೂ ಸಿಗುತ್ತಿತ್ತು.)

ಅತ್ತೆ ತುಂಬ ಹೊತ್ತು ಆ ನಕ್ಷತ್ರವನ್ನೇ ನೋಡಿದರು. ಅವರ ಕಣ್ಣಂಚು ಒದ್ದೆಯಾಯಿತು.

"ಎಲ್ಲೋ ದೂರ ದೇಶದಾಗ ಕುಂತೋರು. ನಮಗ ಮೋಸ ಆಗೈತಿ ಅಂತ ಅವ್ರಿಗೆ ಸಂಕಟ. ಇಲ್ಲಿ ನನ್ನ ಮಗಗ ಅದು ತಿಳೀಲಿಲ್ಲ ನೋಡು."

ಮೋಸ ಮಾಡಿದವನು ಹನುಮೇಶನೇ ಎಂದು ಅಲ್ಲೇ ತೀರ್ಪಾಯಿತು. ಗಂಡಸು ತಪ್ಪು ಮಾಡಿದರೆ ಅವನನ್ನು ಕೇಳಬಾರದು, ಅವನ ತಾಯಿಯನ್ನು ಕೇಳಬೇಕು ಎಂಬುದು ನಮ್ಮ ಕಡೆಯ ಹಿರಿಯ ಹೆಂಗಸರ ರಿವಾಜು. ಬೇಡವೆಂದು ನಾನು ಹತ್ತು ಕಾರಣ ಹೇಳಿದೆ. ಯಜಮಾನರಿಗೆ ಇದ್ದಕ್ಕಿದ್ದಂತೆ ಅರ್ಜೆಂಟು ಹೊಲಿಗೆ ಬಂತು. ಅತ್ತೆ ಬುರ್ಖಾ ತೊಟ್ಟು, ಒಂದು ಡಜನ್ ಬಾಳೆಹಣ್ಣು ಕಟ್ಟಿಸಿಕೊಂಡು (ಜಗಳಕ್ಕಾದರೂ ಬರಿಗೈಯಲ್ಲಿ ಹೋಗಬಾರದು), ನನ್ನನ್ನು ಕುರುಗೋಡಿನ ಬಸ್ಸಿಗೆ ಹತ್ತಿಸಿದರು.

ಹನುಮೇಶನ ತಾಯಿ ಪಾರಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಬಾಳೆಹಣ್ಣು ಇಸಿದುಕೊಂಡು, ಚಾಪೆ ಹಾಸಿ, ನೀರು ಕೊಟ್ಟು, ಅತ್ತೆ ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದರು. ಆಮೇಲೆ ಒಳಗೆ ತಿರುಗಿ, "ಲೇ ಹನುಮೇಶ, ಬಾಯಿಲ್ಲಿ. ಹಮೀದಮ್ಮಗ ಏನ್ ಮೋಸ ಮಾಡೀಯಂತ, ನನ್ನ ಮುಂದ ಹೇಳು" ಎಂದರು.

ಪಾಪ ಹನುಮೇಶ್, ತಲೆ ಬಗ್ಗಿಸಿಕೊಂಡು ಬಿಡಿಸಿ ಹೇಳಿದ. ಆ ಕೀ ನಂಬರು ಯಾವುದೋ ದೊಡ್ಡ ಕಂಪನಿ ತನ್ನ ನೂರಾರು ಕಂಪ್ಯೂಟರುಗಳಿಗೆಂದು ಕೊಂಡಿದ್ದಂತೆ. ಅದು ಸೋರಿ ಊರೂರು ಸುತ್ತಿ, ಬಳ್ಳಾರಿಯ ಅರ್ಧ ಕಂಪ್ಯೂಟರುಗಳಲ್ಲಿ ಅದೇ ಇದೆಯಂತೆ. ಈಗ ವಿಂಡೋಸಿನವರು ಅದನ್ನು ಕಪ್ಪುಪಟ್ಟಿಗೆ ಹಾಕಿದ್ದಾರೆ. ಇಂಟರ್‌ನೆಟ್ ಇದ್ದ ಮನೆಯಲ್ಲೆಲ್ಲ ನಕ್ಷತ್ರ ಮೂಡುತ್ತಿದೆ.

"ನಾನು ಹುಟ್ಟಿಸಿದ್ದಲ್ಲ ಅಮ್ಮಾರ," ಎಂದ. "ಸಿರುಗುಪ್ಪದಾಗ ಒಂದು ಕಾಲೇಜಿನ ಲ್ಯಾಬ್ ರಿಪೇರಿಗೆ ಹೋಗಿದ್ದೆ. ಗ್ವಾಡಿಗೆ ಸುಣ್ಣ ಹೊಡಿಯಾಕ ಹತ್ತಿದ್ರು. ಅಲ್ಲಿ ಅಟೆಂಡರ್ ಹಂಪಯ್ಯ ಒಂದು ಚಾರ್ಟ್ ಕಿತ್ತಿ, ಇದು ನಿನಗ ಬೇಕಾಗತೈತಿ ತಗೋ ಅಂದ. ಅದರಾಗಿದ್ದುದು."

ಹಂಪಯ್ಯ ನಾನು ಓದಿದ ಕಾಲೇಜಿನ ಅಟೆಂಡರು. ಚಾರ್ಟು ಬೇಡ, ತೋರಿಸಬೇಡ ಎಂದು ಕಣ್ಣಿನಲ್ಲೇ ಬೇಡಿಕೊಂಡೆ. ಹನುಮೇಶ್ ತನ್ನ ನಿರಪರಾಧಿತ್ವದ ಉತ್ಸಾಹದಲ್ಲಿ ಒಳಗೆ ಓಡಿ, ಸುರುಳಿ ತಂದು ಅಂಗಳದಲ್ಲಿ ಬಿಡಿಸಿ, ನಾಲ್ಕು ಮೂಲೆಗೂ ಮೆಣಸಿನಕಾಯಿ ರಾಶಿ ಇಟ್ಟ.

ತಿಳಿಹಳದಿ ಡ್ರಾಯಿಂಗ್ ಹಾಳೆ. ಸುತ್ತಲೂ ಸ್ಕೆಚ್ ಪೆನ್ನಿನ ಮಲ್ಲಿಗೆ ಬಳ್ಳಿ. ನಡುವೆ ಹಸಿರು ಶಾಯಿಯಲ್ಲಿ ಐದೈದರಂತೆ ಇಪ್ಪತ್ತೈದು ಅಕ್ಷರ. ಒಂದೊಂದೂ ಮುತ್ತು. ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಹಂಪಯ್ಯನವರು, ನಿನ್ನ ಅಕ್ಷರ ದುಂಡಗಿವೆ, ದಿನಾ ಎಲ್ಲರೂ ಈ ನಂಬರು ಕೇಳುತ್ತಾರೆ, ಬರೆದು ಅಂಟಿಸಿಬಿಡು ಎಂದಿದ್ದರು. ಚಿತ್ರ ನಕಲು ಮಾಡಿದಂತೆ ಬರೆದೆ. ಏನು ಬರೆದೆನೆಂದು ನಾನು ಕೇಳಲಿಲ್ಲ. ಲ್ಯಾಬಿನ ಕಿಟಕಿಯಾಚೆ ಭತ್ತ ತೆನೆಯೊಡೆದಿತ್ತು, ಗಾಳಿಗೆ ಹಾಳೆ ಹಾರದಂತೆ ಗೆಳತಿ ಗುಲ್ನಾಜ್ ಅಂಗೈ ಊರಿ ಹಿಡಿದಿದ್ದಳು. ಅಷ್ಟೇ ನೆನಪು.

ಚಾರ್ಟು ಬರೆದವರು ಕೆಳಗೆ ಹೆಸರು ಹಾಕುವುದು ಕಾಲೇಜಿನ ಪದ್ಧತಿ. ನಮ್ಮತ್ತೆ ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದುವವರು. ಹಾಳೆಯ ತುದಿಗೆ ಬೆರಳಿಟ್ಟರು.

"ಬ-ರೆ-ದ-ವ-ರು. ಹು... ಮೇ..."

ಅಲ್ಲಿಗೆ ನಿಲ್ಲಿಸಿದರು.

"ಈ ಹುಮೇರಾ ಅನ್ನೋ ಯಮ್ಮ ಯಾರೋ ಪುಣ್ಯಾತ್ಗಿತ್ತಿ," ಎಂದ ಹನುಮೇಶ್. ಅವನಿಗೆ ನಾನು ಅಂದಿಗೂ ಅಜರಣ್ಣನ ಮನೆಯವರು, ಅಷ್ಟೇ. "ಎಷ್ಟೋ ಮಂದಿ ಹೊಟ್ಟಿ ತುಂಬಿಸ್ಯಾಳ. ಎಲ್ಲಿದಾಳೋ ಏನೋ."

ಅತ್ತೆ ನನ್ನ ಮುಖ ನೋಡಿದರು. ಬೇರೆ ಮನೆಯ ಅಂಗಳ. ಸೊಸೆಯನ್ನು ಅಲ್ಲಿ ಬಿಟ್ಟುಕೊಡಲಿಲ್ಲ. ಚಾರ್ಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಪಾರಮ್ಮನವರ ಚಹಾ ಕುಡಿದರು. ವಾಪಸು ಬಸ್ಸಿನಲ್ಲಿ, ಊರಿನ ಕಲ್ಲುಬೆಟ್ಟ ಕಿಟಕಿಯಿಂದ ಮರೆಯಾದ ಮೇಲೆ ಒಂದೇ ಮಾತು ಆಡಿದರು.

"ಹೂವಿನ ಬಳ್ಳಿ ಭಾಳ ಚಂದ ಬರದೀ."

ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚೆನ್ನಾಗಿತ್ತು.

ಮಾರನೆಯ ದಿನ ಹನುಮೇಶನಿಗೆ ಕರೆ ಹೋಯಿತು. ಕಂಪ್ಯೂಟರ್ ಹೊರಗೆ ಹೋಗುತ್ತದೆಂದು ನಾನು ಅತ್ತುಕೊಂಡು ಒಳಗೆ ಕುಳಿತಿದ್ದೆ. ಆದರೆ ಅತ್ತೆ ರಾತ್ರಿಯೆಲ್ಲ ಯೋಚಿಸಿದ್ದರು. ಕದ್ದಿದ್ದು ಅಕ್ಷರ, ಡಬ್ಬಿಯಲ್ಲ. ಅಕ್ಷರ ಹೋಗಲಿ, ಡಬ್ಬಿ ಇರಲಿ ಎಂದರು. ಹನುಮೇಶ್ ತಲೆ ಕೆರೆದುಕೊಂಡು, ವಿಂಡೋಸಿನ ಬದಲು ಹಾಕಲು ಅಂಚೆಯಲ್ಲಿ ಪುಕ್ಕಟೆ ಬರುವ ಬೇರೊಂದು ಸಿಡಿ ಇದೆ, ಅದಕ್ಕೆ ಕೀ ನಂಬರೇ ಬೇಕಿಲ್ಲ ಎಂದ. ಕೊಟ್ಟವರು ಮನಸ್ಸಾರೆ ಕೊಟ್ಟಿದ್ದಾರೆಯೇ ಎಂದು ಅತ್ತೆ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಹೀಗೆ ನನ್ನ ಕಂಪ್ಯೂಟರ್ ಉಳಿಯಿತು. ಒಂದು ಸಣ್ಣ ತೊಂದರೆಯಾಯಿತು: ಹೊಸ ಸಿಡಿಗೂ ನಮ್ಮ ಪ್ರಿಂಟರಿಗೂ ಮಾತುಕತೆ ಹತ್ತಲಿಲ್ಲ. ಹನುಮೇಶ್ ನಾಲ್ಕು ಸಲ ಬಂದು ಸಂಧಾನ ಮಾಡಿ ಸೋತ. ಆ ಸಿಡಿಯಲ್ಲಿ ಇಸ್ಪೀಟಿನ ಆಟವೊಂದಿತ್ತು. ಒಬ್ಬರೇ ಆಡುವುದು, ದುಡ್ಡು ಕಟ್ಟುವಂತಿಲ್ಲ, ಹಾಗಾಗಿ ಪಾಪವಿಲ್ಲ ಎಂದು ಅತ್ತೆ ನಿರ್ಣಯಿಸಿದರು.

ಆಮೇಲಿನ ಮಧ್ಯಾಹ್ನಗಳಲ್ಲಿ ಬಾಗಿಲಿಗೆ ಬಂದವರು ಒಳಗೆ ಇಣುಕಿ "ಹಮೀದಮ್ಮ ಕಂಪ್ಯೂಟರದಾಗ ಅದಾಳೇನ್ರಿ?" ಎಂದು ಕೇಳುತ್ತಿದ್ದರು. ಅತ್ತೆ ಮೌಸಿನಿಂದ ಕೈ ತೆಗೆಯದೆ, ಅರ್ಜಿಯವರನ್ನು ಹಿತ್ತಲ ಕಟ್ಟೆಗೆ ಕಳಿಸುತ್ತಿದ್ದರು. ಅಲ್ಲಿ ನಾನು, ತೊಡೆಯ ಮೇಲೆ ರೊಟ್ಟಿ ತಟ್ಟುವ ಹಲಗೆಯಿಟ್ಟುಕೊಂಡು, ರೇಷನ್ ಕಾರ್ಡಿನ ಅರ್ಜಿಗಳನ್ನು ಕೈಯಲ್ಲೇ ಬರೆಯುತ್ತಿದ್ದೆ.

"ದುಂಡಗ ಬರಿ," ಎಂದು ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು. "ಕೆಳಗ ನಿನ್ನ ಹೆಸರು ಮಾತ್ರ ಹಾಕಬ್ಯಾಡ."