ಪೆಟ್ಟಿಗೆಯಲ್ಲಿ ಹಿಡಿಸದ ಟುಟು

ನಮ್ಮ ಚಿಕ್ಕಮ್ಮನಿಗೆ ವೋಡ್ಕಾ ಇಲ್ಲದಿದ್ದರೆ ಒಂದು ವಾರವೂ ನಡೆಯುವುದಿಲ್ಲ! ಗಾಬರಿಯಾಗಬೇಡಿ. ಕೆಮ್ಮಿನ ಸಿರಪ್ಪಿನಲ್ಲಿ ಆಲ್ಕೋಹಾಲ್ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಓದಿ, ಇದ್ದರೆ ಕೆಮ್ಮುತ್ತಲೇ ಕೂರುವ ಜಾತಿ ಅವಳದು. ವೋಡ್ಕಾ ಅವಳಿಗಲ್ಲ, ಅವಳ ಟುಟುಗಳಿಗೆ. ಟುಟು ಎಂದರೆ ಬ್ಯಾಲೆ ನರ್ತಕಿಯರು ತೊಡುವ, ಪದರ ಪದರವಾಗಿ ನೆಟ್ ಬಟ್ಟೆ ಹೊಲಿದ ಗಿಡ್ಡ ಲಂಗ. ಹಳೆಯ ಟುಟುವನ್ನು ನೀರಿಗೆ ಹಾಕಿದರೆ ಹಾಳಾಗುತ್ತದಂತೆ. ಬೆವರಿನ ವಾಸನೆ ಹೋಗಬೇಕಾದರೆ ವೋಡ್ಕಾಕ್ಕೆ ನೀರು ಬೆರೆಸಿ ಚಿಮುಕಿಸಬೇಕಂತೆ! ಒಂದು ಕೈಯಲ್ಲಿ ಕರಿಬೇವು, ಇನ್ನೊಂದು ಕೈಯಲ್ಲಿ ಬಾಟಲಿ ಹಿಡಿದು ಅಮೆರಿಕದ ಕ್ಯಾಂಟನ್ ಎಂಬ ಊರಿನ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ನಡೆದುಬರುತ್ತಿದ್ದ ಅವಳನ್ನು ಕಂಡ ಕನ್ನಡ ಕೂಟದ ಆಂಟಿಯೊಬ್ಬರು, ಕಾರಿನಲ್ಲಿ ಕೂತಿದ್ದ ಚಿಕ್ಕಪ್ಪನ ಹತ್ತಿರ ಹೋಗಿ, "ಧೈರ್ಯವಾಗಿರಿ" ಅಂದರಂತೆ.

"ಧೈರ್ಯವಾಗೇ ಇದೀನಿ, ಬೇಸ್‌ಮೆಂಟಿಗೆ ಮಾತ್ರ ಇಳಿಯಲ್ಲ" ಅಂದರಂತೆ ಚಿಕ್ಕಪ್ಪ.

ಚಿಕ್ಕಮ್ಮ ಎಳೆದುಕೊಂಡು ಹೋಗದಿದ್ದರೆ ನಾನೂ ಇಳಿಯುವುದಿಲ್ಲ. ಟುಟುವಿನ ಪದರಗಳು ಜೋತುಬೀಳಬಾರದೆಂದು ಅದನ್ನು ತಲೆಕೆಳಗಾಗಿ ನೇತುಹಾಕಬೇಕು. ಬೇಸ್‌ಮೆಂಟಿನ ಪೈಪಿನುದ್ದಕ್ಕೂ ಅವನ್ನು ಸಾಲಾಗಿ ನೇತುಹಾಕಿದ್ದಾಳೆ. ದೀಪ ಹಾಕಿದೊಡನೆ ತಲೆಯಿಲ್ಲದ, ಕಾಲಿಲ್ಲದ ಹೆಂಗಸರ ಗುಂಪೊಂದು ಎದುರಾಗುತ್ತದೆ. ಮನೆ ಬೆಚ್ಚಗಿಡುವ ಫರ್ನೆಸ್ ಶುರುವಾದರಂತೂ ಆ ಗಾಳಿಗೆ ಅಷ್ಟೂ ಒಟ್ಟಿಗೆ ಮೆಲ್ಲಗೆ ತಿರುಗುತ್ತವೆ! ಫರ್ನೆಸ್ ರಿಪೇರಿಗೆ ಬಂದಿದ್ದ ಆಜಾನುಬಾಹುವೊಬ್ಬ ಟಾರ್ಚು ಅಲ್ಲೇ ಬಿಟ್ಟು ಮೇಲೆ ಓಡಿಬಂದು, "ಕೆಳಗೆ ಯಾರಿದ್ದಾರೆ?" ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಅವನನ್ನು ನಾನು ಆಡಿಕೊಳ್ಳಲಿಲ್ಲ. ಯಾವ ಬಾಯಲ್ಲಿ ಆಡಿಕೊಳ್ಳಲಿ?

ಚಿಕ್ಕಮ್ಮ ಮಾತ್ರ ಅವುಗಳ ನಡುವೆ ನಿಂತು ನನಗೆ ಪಾಠ ಮಾಡುತ್ತಾಳೆ. "ನೋಡೋ, ಮುಂಚೆ ಇದು ಗಂಟೆ ಥರ ಇಳಿಬಿದ್ದಿರೋದು. ಐವತ್ತರ ದಶಕದ ಹೊತ್ತಿಗೆ ತಟ್ಟೆ ಥರ ಚಪ್ಪಟೆ ಆಯ್ತು. ಒಳಗೆ ಉಕ್ಕಿನ ಬಳೆ! ಆಗ ಮಾಮೂಲಿ ಹೆಂಗಸ್ರೂ ಇದನ್ನ ನೋಡಿ ಫ್ರಾಕಿನೊಳಗೆ ನೆಟ್ ಲಂಗ ಹಾಕ್ಕೊಂಡು ಪಾರ್ಟಿಗೆ ಹೋಗೋರಂತೆ."

"ಚೆನ್ನಾಗಿದೆ ಚಿಕ್ಕಮ್ಮ, ಮೇಲೆ ಹೋಗಿ ಮಾತಾಡೋಣ್ವಾ?"

ಹಳೆಯ ಟುಟುಗಳನ್ನು ಕೂಡಿಡುವ ಈ ಹುಚ್ಚು ಹತ್ತಿಸಿದ್ದು ಪಕ್ಕದ ಮನೆಯ ಅಮೆರಿಕನ್ ಅಜ್ಜಿ. ಚಿಕ್ಕಮ್ಮ ಈ ದೇಶಕ್ಕೆ ಬಂದ ಹೊಸತು. ಚಿಕ್ಕಪ್ಪ ಕೆಲಸಕ್ಕೆ ಹೋಗಿದ್ದಾಗ ಸುಂಟರಗಾಳಿಯ ಸೈರನ್ ಕೂಗಿತು. ಅದು ಏನೆಂದೇ ತಿಳಿಯದೆ ಇವಳು ದೇವರ ಪಟ ಎದೆಗವಚಿಕೊಂಡು ಅಂಗಳದಲ್ಲಿ ನಿಂತುಬಿಟ್ಟಳಂತೆ. ಅಜ್ಜಿ ಸ್ಲಿಪ್ಪರಿನಲ್ಲೇ ಓಡಿಬಂದು, ಪಟದ ಸಮೇತ ಇವಳನ್ನು ತಮ್ಮ ಬೇಸ್‌ಮೆಂಟಿಗೆ ಎಳೆದುಕೊಂಡು ಹೋದರು. ಹೆದರಿಕೆ ಮರೆಸಲು, ತಾವು ಹರೆಯದಲ್ಲಿ ಶಿಕಾಗೋದ ರಂಗದ ಮೇಲೆ ತೊಟ್ಟಿದ್ದ ಟುಟು ತೆಗೆದು ತೋರಿಸಿದರು. ಮೇಲೆ ಗಾಳಿ ಮೊರೆಯುತ್ತಿತ್ತು, ಕೆಳಗೆ ಇವಳು ಹೊಲಿಗೆ ಎಣಿಸುತ್ತಿದ್ದಳು. ಅಂದಿನಿಂದ ಅವರಿಬ್ಬರೂ ಬೇಲಿಯಿಲ್ಲದ ನೆರೆಹೊರೆ.

ಹೋದ ವರ್ಷ, ತೊಂಬತ್ತು ದಾಟಿದ ಅಜ್ಜಿ ಶಿಕಾಗೋ ಹತ್ತಿರದ ಶಾಮ್‌ಬರ್ಗ್‌ನಲ್ಲಿರುವ ಮಗಳ ಮನೆ ಸೇರಿದರು. ಹೊರಡುವಾಗ ಆ ಹಳೆಯ ಟುಟುವನ್ನು ಚಿಕ್ಕಮ್ಮನ ಕೈಗಿತ್ತು, "ಇದನ್ನು ಸರಿಮಾಡಿ ಕೊಡು. ಪೆಟ್ಟಿಗೆಯಲ್ಲಿ ಮಲಗುವಾಗ ಇದನ್ನೇ ತೊಡುತ್ತೇನೆ. ಇದು ಆಗುವವರೆಗೆ ನಾನು ಈ ಲೋಕದಿಂದ ಹೊರಡುವುದಿಲ್ಲ" ಅಂದರು.

ಯಾವ ಪೆಟ್ಟಿಗೆ ಎಂದು ಬಿಡಿಸಿ ಹೇಳಬೇಕೇ? ಚಿಕ್ಕಪ್ಪ ಕೂತಲ್ಲೇ ಬೆವೆತರು.

"ಹೆಣಕ್ಕೆ ಹಾಕೋ ಬಟ್ಟೆ ಮನೇಲಿಟ್ಕೊಂಡು ಊಟ ಮಾಡೋದು ಹ್ಯಾಗೇ?"

"ಊಟ ಮೇಲ್ಗಡೆ ಮಾಡಿ. ಬಟ್ಟೆ ಕೆಳಗಿದೆಯಲ್ಲ?"

ಅಸಲಿ ತೊಂದರೆ ಬೇರೆಯೇ ಇತ್ತು. ಉಕ್ಕಿನ ಬಳೆಯಿರುವ ಟುಟು ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದರೆ ಮುಚ್ಚಳ ಹಾಕುವುದು ಹೇಗೆ? ನಾನು ಆಬರ್ನ್ ಹಿಲ್ಸಿನ ಕಾರಿನ ಕಂಪನಿಯೊಂದರಲ್ಲಿ ಬಾಗಿಲು ಸರಿಯಾಗಿ ಮುಚ್ಚುವಂತೆ ನೋಡಿಕೊಳ್ಳುವ ಎಂಜಿನಿಯರ್. "ಬಾಗಿಲಾದ್ರೇನು, ಮುಚ್ಚಳ ಆದ್ರೇನು, ಬಾರೋ" ಎಂದು ಚಿಕ್ಕಮ್ಮ ನನ್ನನ್ನು ಶವಪೆಟ್ಟಿಗೆಯ ಶೋರೂಮಿಗೇ ಎಳೆದುಕೊಂಡು ಹೋದಳು! ಸಾವಿನ ಮನೆಗೆ ಹೋಗಿಬಂದರೆ ವಾರವಿಡೀ ದೀಪ ಹಾಕಿಕೊಂಡೇ ಮಲಗುವವನು ನಾನು. ಒಳಗೆ ಮೆತ್ತನೆಯ ಕಾರ್ಪೆಟ್, ಮೆಲ್ಲನೆಯ ಸಂಗೀತ, ಸುತ್ತ ಬಾಯಿ ತೆರೆದ ಪೆಟ್ಟಿಗೆಗಳು. ಚಿಕ್ಕಮ್ಮ ಬ್ಯಾಗಿನಿಂದ ಟೇಪು ತೆಗೆದು ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ನಾನು ಕಣ್ಣು ಮುಚ್ಚಿಕೊಂಡೇ ಹಿಡಿದದ್ದರಿಂದ ಅಳತೆ ಒಂದೊಂದು ಸಲ ಒಂದೊಂದು ಬಂತು. ಕಪ್ಪು ಸೂಟಿನವನೊಬ್ಬ ಸದ್ದಿಲ್ಲದೆ ಬಂದು, ತೀರಿಕೊಂಡವರು ಯಾರೆಂದು ಕೇಳಿದ.

"ಯಾರೂ ಇಲ್ಲ. ಬೆಳಿಗ್ಗೆ ಫೋನಲ್ಲಿ ಚೆನ್ನಾಗೇ ಮಾತಾಡಿದ್ರು" ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಆತ ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಮನೆಗೆ ಬಂದರೆ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತಿದ್ದರು. "ಸ್ನಾನ ಮಾಡದೆ ಒಳಗೆ ಬರಬೇಡಿ!" ಸ್ನಾನದ ಮನೆಯೇ ಒಳಗಿದೆಯಲ್ಲ ಚಿಕ್ಕಪ್ಪ ಅಂದರೂ ಕೇಳಲಿಲ್ಲ. ಫೆಬ್ರವರಿಯ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಗ್ಯಾರೇಜಿನಲ್ಲಿ ನಿಂತು ತಲೆಗೆ ಬಕೆಟ್ ನೀರು ಸುರಿದುಕೊಂಡೆವು. ಆ ನೆಗಡಿಯಲ್ಲಿ ಸತ್ತೇ ಹೋಗುತ್ತೇನೆ ಅನ್ನಿಸಿತ್ತು. ಪೆಟ್ಟಿಗೆಯ ಅಳತೆಯಂತೂ ಕೈಯಲ್ಲೇ ಇತ್ತು.

ಕೊನೆಗೆ ಮಡಚಿ ಬಿಚ್ಚಬಹುದಾದ ಬಳೆಯೊಂದನ್ನು ನಾನೇ ಮಾಡಿಕೊಟ್ಟೆ. ಕೆಲಸ ಅಲ್ಲಿಗೆ ಮುಗಿಯಬೇಕಲ್ಲವೇ? ಮುಗಿಯಲಿಲ್ಲ. ಇಂದು ಹೊಲಿದ ಪದರವನ್ನು ನಾಳೆ ಬಿಚ್ಚುತ್ತಾಳೆ. "ಇಲ್ಲಿ ಸ್ವಲ್ಪ ಸೊಟ್ಟ ಬಂತು" ಅನ್ನುತ್ತಾಳೆ. ನನ್ನ ಕಣ್ಣಿಗೆ ಯಾವ ಸೊಟ್ಟವೂ ಕಾಣದು. ಪ್ರತಿ ಭಾನುವಾರ ಅಜ್ಜಿ ಫೋನು ಮಾಡಿ "ಆಯಿತೇ?" ಎಂದು ಕೇಳುತ್ತಾರೆ. "ಇನ್ನೇನು, ಸ್ವಲ್ಪ ಇದೆ" ಎಂದು ಇವಳು ಹೇಳುತ್ತಾಳೆ. ವಯಸ್ಸಾದವರನ್ನು ಹೀಗೆ ಕಾಯಿಸುತ್ತಾಳಲ್ಲ, ಎಂಥ ಅಚ್ಚುಕಟ್ಟಿನ ಹುಚ್ಚಪ್ಪಾ ಎಂದು ನನಗೆ ಸಿಟ್ಟೇ ಬಂದಿತ್ತು.

ಈಚೆಗೆ ಅಜ್ಜಿಯ ಮಗಳೇ ಫೋನು ಮಾಡಿದಳು. ಅಮ್ಮ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಆದಷ್ಟು ಬೇಗ ತನ್ನಿ ಅಂದಳು. ಟುಟುವಿಗೆ ವೋಡ್ಕಾ ಚಿಮುಕಿಸಿ, ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿ, ಶನಿವಾರ ಬೆಳಿಗ್ಗೆ ಹೊರಟೆವು. ಕಾರೊಳಗೆ ಬಾರಿನ ವಾಸನೆ. ಹೆದ್ದಾರಿಯಲ್ಲಿ ಕಲಮಜೂ ಊರು ದಾಟುವಾಗ ಪೊಲೀಸ್ ಕಾರೊಂದು ಹಿಂದೆಯೇ ಬರತೊಡಗಿತು. ಈ ವಾಸನೆಗೆ ಏನೆಂದು ಉತ್ತರ ಹೇಳಲಿ? ಕುಡಿದದ್ದು ಲಂಗ ಅನ್ನಲೇ? ಎರಡು ಎಕ್ಸಿಟ್ ಕಳೆದ ಮೇಲೆ ಅದು ಪಕ್ಕಕ್ಕೆ ತಿರುಗಿತು, ನನ್ನ ಜೀವ ವಾಪಸ್ಸು ಬಂತು.

"ನೋಡಿದ್ಯಾ ಚಿಕ್ಕಮ್ಮ?" ಅಂದೆ. ಅವಳು ಅದನ್ನು ನೋಡಿಯೇ ಇರಲಿಲ್ಲ. ಬೇಸ್‌ಮೆಂಟಿಗೆ ಹೆದರದ, ಶವಪೆಟ್ಟಿಗೆಯ ಮುಚ್ಚಳ ಎತ್ತಿ ಇಳಿಸಿ ನೋಡಿದ ಹೆಂಗಸು ಸೆರಗಿನ ತುದಿ ಹಿಂಡುತ್ತಾ ಕೂತಿದ್ದಳು.

"ನಿಧಾನ ಹೋಗೋ" ಅಂದಳು. "ಯಾಕೋ ಭಯ ಆಗ್ತಿದೆ."

ಅಜ್ಜಿ ಹಾಸಿಗೆಗೆ ಅಂಟಿಹೋಗಿದ್ದರು. ಕಣ್ಣು ಮಾತ್ರ ಚುರುಕಾಗಿತ್ತು. ಟುಟುವನ್ನು ಹೊದಿಕೆಯ ಮೇಲೆ ಹರಡಿದಾಗ ಒಂದೊಂದೇ ಪದರವನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಬಳೆ ಮಡಚಿ ಬಿಚ್ಚಿದರು, ನಕ್ಕರು.

"ಚೆನ್ನಾಗಿದೆ. ಆಯಿತು ಅನ್ನು. ಇನ್ನು ನಾನು ಹೊರಡಬಹುದು."

ಟುಟುವಿನ ಅಂಚು ಹಿಡಿದಿದ್ದ ಚಿಕ್ಕಮ್ಮನ ಕೈ ಒಂದು ಹೊಲಿಗೆಯನ್ನು ಹುಡುಕಿ, ಉಗುರಿನಿಂದ ಮೆಲ್ಲಗೆ ಬಿಚ್ಚತೊಡಗಿತ್ತು. ಇಷ್ಟು ದಿನ ಅವಳು ಆ ಹೊಲಿಗೆಗಳನ್ನು ಯಾಕೆ ಬಿಚ್ಚುತ್ತಿದ್ದಳೆಂದು ದಡ್ಡನಾದ ನನಗೆ ಆಗ ಹೊಳೆಯಿತು.

"ಎಲ್ಲಿ ಆಯಿತು ಅಜ್ಜಿ?" ಅಂದೆ, ನನಗೇ ಗೊತ್ತಿಲ್ಲದ ಗಟ್ಟಿ ದನಿಯಲ್ಲಿ. "ಬಳೆಯಲ್ಲಿ ದೋಷ ಇದೆ. ಡಿಸೈನೇ ಬದಲಾಯಿಸಬೇಕು."

"ಎಷ್ಟು ದಿನ ಬೇಕು?"

"ನಮ್ಮ ಕಾರಿನ ಕಂಪನಿಯಲ್ಲಿ ಇಂಥದಕ್ಕೆ ಮೂರು ವರ್ಷ."

ಅಜ್ಜಿ ನನ್ನನ್ನು ನೋಡಿದರು, ಚಿಕ್ಕಮ್ಮನ ಕೈಯನ್ನು ನೋಡಿದರು. ಆಮೇಲೆ ಟುಟುವನ್ನು ಎರಡೂ ಕೈಯಿಂದ ಅವಳ ಮಡಿಲಿಗೆ ತಳ್ಳಿದರು.

"ಹಾಗಾದರೆ ತೆಗೆದುಕೊಂಡು ಹೋಗು" ಅಂದರು. "ಅರ್ಧಂಬರ್ಧ ಆದದ್ದನ್ನು ತೊಟ್ಟುಕೊಂಡು ನಾನು ಎಲ್ಲಿಗೂ ಹೋಗುವವಳಲ್ಲ."