ಮೈದಾ ಅಂಟಿನ ಮೆಟ್ಟಿಲು

ನಾಲ್ಕು ರಟ್ಟಿನ ಡಬ್ಬ, ಒಂದು ಪಾತ್ರೆ ಮೈದಾ ಅಂಟು ಇದ್ದರೆ ಮಕ್ಕಳಿಗೆ ಪ್ರಪಂಚವನ್ನೇ ಕಲಿಸಬಹುದು ಎಂದು ನಾನು ನಂಬಿದ್ದೆ. ಹೋದ ನವರಾತ್ರಿಯ ತನಕವೂ ನಂಬಿದ್ದೆ. ಈಗ ನಮ್ಮ ಮನೆಯಲ್ಲಿ ನನಗೆ ಕತ್ತರಿ ಮುಟ್ಟುವ ಅಧಿಕಾರವಿಲ್ಲ. ಅದು ಹೇಗೆ ಕೈತಪ್ಪಿತು ಎಂಬುದನ್ನು ನಡೆದ ಕ್ರಮದಲ್ಲೇ, ಏನನ್ನೂ ಮುಚ್ಚಿಡದೆ ಹೇಳುತ್ತೇನೆ.

ಅಮೆರಿಕದ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪ್ರತಿ ವರ್ಷ ದಸರಾ ಗೊಂಬೆ ಕೂರಿಸುತ್ತೇವೆ. ಮೆಟ್ಟಿಲಿಗೆಂದು ಒಂದು ಸ್ಟೀಲ್ ಸ್ಟ್ಯಾಂಡ್ ಇತ್ತು. ಬೇಸಿಗೆಯಲ್ಲಿ ಅದನ್ನು ನಾನೇ ಯಾರಿಗೋ ಕೊಟ್ಟುಬಿಟ್ಟಿದ್ದೆ. ಅಂಗಡಿಯಿಂದ ತಂದ ವಸ್ತು ಮಕ್ಕಳ ಕಲ್ಪನೆಯನ್ನು ಕೊಲ್ಲುತ್ತದೆ ಎಂದು ಎಲ್ಲೋ ಓದಿದ್ದೆ. ದಿನವೂ ಬಾಗಿಲಿಗೆ ಬಂದು ಬೀಳುವ ಪಾರ್ಸೆಲ್ ಡಬ್ಬಗಳಿಂದ ಮಕ್ಕಳೇ ಮೆಟ್ಟಿಲು ಕಟ್ಟಲಿ ಎಂದು ತೀರ್ಮಾನಿಸಿ, ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಪ್ರಕಟಣೆ ಹೊರಡಿಸಿದೆ: ‘ಮಕ್ಕಳ ಸೃಜನಶೀಲತಾ ಕಾರ್ಯಾಗಾರ. ಖರ್ಚು ಶೂನ್ಯ, ಫಲ ಅಪಾರ.’

"ಟೇಪ್ ತಂದಿದೀರಾ?" ಎಂದು ನನ್ನ ಹೆಂಡತಿ ಸುಮನಾ ಕೇಳಿದಳು.

"ಟೇಪ್ ಯಾಕೆ? ಮೈದಾ ಅಂಟು ಕಾಯಿಸ್ತೀನಿ. ಮೈಸೂರಲ್ಲಿ ನಾವು ಗಾಳಿಪಟಕ್ಕೆಲ್ಲ ಅದನ್ನೇ ಹಚ್ತಿದ್ವಿ."

"ಗಾಳಿಪಟದ ಮೇಲೆ ರಾಜ-ರಾಣೀನ ನಿಲ್ಲಿಸ್ತಿರ್ಲಿಲ್ಲ ಅಲ್ವಾ?"

ನಾನು ನಕ್ಕೆ. ಅವಳು ನಗಲಿಲ್ಲ.

"ನೀವು ಏನಾದ್ರೂ ಮಾಡ್ಕೊಳ್ಳಿ. ನನ್ನ ಪಟ್ಟದ ಗೊಂಬೆಗೆ ಮಾತ್ರ ಏನೂ ಆಗ್ಬಾರ್ದು."

ಪಟ್ಟದ ಗೊಂಬೆ ಎಂದರೆ ಮದುವೆಯಲ್ಲಿ ಅವಳ ಅಮ್ಮ ಕೊಟ್ಟ ಮರದ ರಾಜ-ರಾಣಿ. ಅವರೇ ಕೈಯಾರೆ ಜರಿ ಸೀರೆ ಉಡಿಸಿ, ಪೇಟ ಸುತ್ತಿ ಕೊಟ್ಟಿದ್ದರು. ಆ ಅಮ್ಮ ಈಗಿಲ್ಲ. ಅವರ ಕೈ ಮುಟ್ಟಿದ್ದು ನಮ್ಮ ಮನೆಯಲ್ಲಿ ಉಳಿದಿರುವುದು ಇವೆರಡೇ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಅಂಟು ತಳ ಹಿಡಿಯಿತು. ಹೊಗೆ ಎದ್ದಿತು. ಹೊಗೆಯ ಅಲಾರಂ ಕಿರುಚತೊಡಗಿತು. ಕೆಳಗಿನ ಮನೆಯ ಧಾರವಾಡದ ಕುಲಕರ್ಣಿ ಆಂಟಿ ಮೊಮ್ಮಗಳು ಇಶಾಳನ್ನು ಕಾರ್ಯಾಗಾರಕ್ಕೆ ಬಿಡಲು ಬಂದವರು, ಸೀದಾ ಒಳಗೆ ಬಂದು ಕಿಟಕಿ ತೆರೆದು ಟವೆಲ್ ಬೀಸಿದರು.

"ಏನಪಾ, ಅಂಟು ಮಾಡ್ಲಿಕ್ಕತ್ತೀಯೋ, ಹಲ್ವಾ ಮಾಡ್ಲಿಕ್ಕತ್ತೀಯೋ?"

"ಅಂಟೇ ಆಂಟಿ."

"ಹಂಗಾರ ತುಪ್ಪ ಹಾಕಬ್ಯಾಡ," ಎಂದು ಹೇಳಿ ಕೆಳಗೆ ಹೋದರು.

ಕಾರ್ಯಾಗಾರ ಶುರುವಾಯಿತು. ಪ್ರತಿ ಮಗುವಿಗೂ ಒಂದೊಂದು ಆಲೋಚನೆ ಇತ್ತು; ಅದೇ ತೊಡಕು. ಮೆಟ್ಟಿಲಿನ ಪಕ್ಕದಲ್ಲಿ ಗೊಂಬೆಗಳಿಗೆ ಒಂದು ಜಾರುಬಂಡೆ ಬೇಕು ಎಂದಳು ಇಶಾ. ಅದು ಸಂಪ್ರದಾಯದಲ್ಲಿಲ್ಲ ಎಂದೆ. ನನ್ನ ಮಗಳು ಅನಘಾ ಡಬ್ಬಗಳ ಒಳಗೆ ಚಳಿಗಾಲದ ಜಾಕೆಟ್‌ಗಳನ್ನು ತುಂಬೋಣ ಎಂದಳು. ಬೇಡ ಪುಟ್ಟಿ, ರಟ್ಟಿಗೆ ಅದರದೇ ಶಕ್ತಿ ಇದೆ ಎಂದೆ. ಯಾರೋ ಒಂದು ಡಬ್ಬಕ್ಕೆ ನೇರಳೆ ಬಣ್ಣ ಬಳಿದರು. ಅದನ್ನು ಯಾರಿಗೂ ಕಾಣದಂತೆ ಪಕ್ಕಕ್ಕಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿ ನೋಡಿದರೆ ಮಕ್ಕಳೆಲ್ಲ ಸೋಫಾದ ಮೇಲೆ ಸಾಲಾಗಿ ಕೂತು ನನ್ನ ಸೃಜನಶೀಲತೆಯನ್ನು ವೀಕ್ಷಿಸುತ್ತಿದ್ದರು.

ಅನಘಾ ಎದ್ದು ಬಂದು ಮೆಟ್ಟಿಲಿಗೆ ಬೆರಳು ಒತ್ತಿದಳು. ಬೆರಳು ಒಳಗೆ ಹೋಯಿತು.

"ಅಪ್ಪಾ, ಇಟ್ಸ್ ಸ್ಟಿಲ್ ವೆಟ್."

"ಒಣಗತ್ತೆ ಪುಟ್ಟಿ."

"ಇಟ್ಸ್ ಲೈಕ್ ಎ ಡೋನಟ್ ಇನ್ ಮಿಲ್ಕ್."

ಭದ್ರತೆಗೆಂದು ಇನ್ನೊಂದು ಪದರ ಅಂಟು ಬಳಿದೆ. ಅದರ ಮೇಲೆ ಬಿಳಿ ಪಂಚೆ ಹಾಸಿದೆ. ಪಂಚೆ ಹಾಸಿದ ಮೇಲೆ ಎಲ್ಲವೂ ಗಟ್ಟಿಯಾಗಿಯೇ ಕಾಣುತ್ತದೆ. ಸುಮನಾ ಒಂದು ಕ್ಷಣ ಅನುಮಾನದಿಂದ ನೋಡಿ, ರಾಜ-ರಾಣಿಯನ್ನು ಮೇಲಿನ ಮೆಟ್ಟಿಲಲ್ಲಿ ನಿಲ್ಲಿಸಿದಳು. "ನಾನಿದ್ದೀನಲ್ಲ," ಎಂದೆ.

ಸಂಜೆ ಅಕ್ಕಪಕ್ಕದವರು ಅರಿಶಿನ ಕುಂಕುಮಕ್ಕೆ ಬಂದರು. ಸುಮನಾ ಆರತಿ ತಟ್ಟೆ ಎತ್ತಿದಳು. ಆಗ ಕೆಳಗಿನ ಮೆಟ್ಟಿಲಿನ ಎಡ ಮೂಲೆ ಕುಗ್ಗಿತು. ಶಬ್ದವೇ ಬರಲಿಲ್ಲ. ಅಲ್ಲಿ ಕೂತಿದ್ದ ಗೊಂಬೆ ಶೆಟ್ಟಿ ತನ್ನ ಅಂಗಡಿಯ ಅಕ್ಕಿ ಬೇಳೆ ಸಮೇತ ಮುಂದಕ್ಕೆ ಬಾಗಿದ. ಅವನ ಮೇಲೆ ಅಂಬಾರಿ ಆನೆ ಬಂದಿತು. ಮೇಲಿನ ಮೆಟ್ಟಿಲು ನಿಧಾನವಾಗಿ ಮಂಡಿಯೂರಿತು. ರಾಜ-ರಾಣಿ ಪಂಚೆಯ ಮೇಲೆ ಜೊತೆಯಾಗಿ ಜಾರುತ್ತ ಬಂದರು. ಇಶಾ ಕೇಳಿದ್ದ ಜಾರುಬಂಡೆ ಇದೇ ಎಂದು ನನಗೆ ಆಮೇಲೆ ಹೊಳೆಯಿತು.

ನಾನು ಹಾರಿ ರಾಜನ ಕೈ ಹಿಡಿದೆ. ಕೈ ನನ್ನ ಬಳಿ ಉಳಿಯಿತು. ರಾಜ ಮುಂದಕ್ಕೆ ಹೋದ.

ಸುಮನಾ ತಟ್ಟೆ ಕೆಳಗಿಟ್ಟು, ರಾಣಿಯನ್ನು ಎತ್ತಿ ಸೆರಗಿನಿಂದ ಅಂಟು ಒರೆಸಿದಳು. ರಾಣಿಗೆ ಏನೂ ಆಗಿರಲಿಲ್ಲ. ರಾಜನನ್ನು ಎತ್ತಿಕೊಂಡಳು. ನನ್ನ ಕಡೆ ನೋಡದೆ ಅಂಗೈ ಚಾಚಿದಳು. ಆ ಪುಟ್ಟ ಕೈಯನ್ನು ಅದರಲ್ಲಿಟ್ಟೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ರಾಜನನ್ನೂ ಅವನ ಕೈಯನ್ನೂ ಹಿಡಿದು ರೂಮಿಗೆ ಹೋದಳು.

ನಾನು ಹಸಿ ರಟ್ಟನ್ನು ಎತ್ತಲು ಬಗ್ಗಿದೆ.

"ಅಪ್ಪಾ," ಎಂದಳು ಅನಘಾ, ಬಹಳ ಮರ್ಯಾದೆಯಿಂದ. "ಪ್ಲೀಸ್ ಸಿಟ್ ಡೌನ್."

ಸೋಫಾದಲ್ಲಿ ಮಕ್ಕಳು ಕೂತಿದ್ದ ಜಾಗದಲ್ಲೇ ಕೂತೆ. ಇಶಾ ಮನೆಗೆ ಓಡಿ ಟೇಪ್ ತಂದಳು. ಒಣ ಡಬ್ಬಗಳ ಒಳಗೆ ನಮ್ಮೆಲ್ಲರ ಜಾಕೆಟ್‌ಗಳು ಹೋದವು. ನೇರಳೆ ಡಬ್ಬ ಎಲ್ಲಕ್ಕಿಂತ ಮೇಲೆ ಕೂತಿತು. ಪಕ್ಕದಲ್ಲಿ ರಟ್ಟಿನ ಜಾರುಬಂಡೆಯೂ ಎದ್ದಿತು. ಅನಘಾ ರೂಮಿಗೆ ಹೋಗಿ ಅಮ್ಮನಿಂದ ರಾಜನನ್ನು ಕೇಳಿ ತಂದಳು. ಮುರಿದ ಕೈಗೆ ಐಸ್‌ಕ್ರೀಮ್ ಕಡ್ಡಿ ಕಟ್ಟಿ, ರವಿಕೆ ಕಣದ ಚೂರನ್ನು ಕೊರಳಿನಿಂದ ಜೋಳಿಗೆಯಂತೆ ಇಳಿಬಿಟ್ಟಳು. ಆಸ್ಪತ್ರೆಯಿಂದ ಈಗ ತಾನೇ ಬಿಡುಗಡೆಯಾದವನಂತೆ ರಾಜ ರಾಣಿಯ ಪಕ್ಕ ನಿಂತ.

ಸುಮನಾ ಹೊರಗೆ ಬಂದಳು. ಜೋಳಿಗೆಯ ಗಂಟನ್ನು ಸ್ವಲ್ಪ ಸರಿ ಮಾಡಿದಳು.

"ಅಮ್ಮ ಇದ್ದಿದ್ರೆ ನಕ್ಕಿರೋರು," ಎಂದಳು. ಹೇಳಿದ್ದು ಅನಘಾಗೆ. ನನಗಲ್ಲ.

ಮತ್ತೆ ಆರತಿಯಾಯಿತು. ಕುಲಕರ್ಣಿ ಆಂಟಿ ಬಗ್ಗಿ ಕೆಳಗಿನ ಮೆಟ್ಟಿಲನ್ನು ದಿಟ್ಟಿಸಿದರು. ಅಲ್ಲಿ ಒಂದು ಹೊಸ ಗೊಂಬೆ ಇತ್ತು: ಮೊಸರಿನ ಡಬ್ಬದ ಮೈ, ತಂತಿಯ ಕನ್ನಡಕ, ಬೋಳುತಲೆ.

"ಇದು ಯಾರವಾ?"

"ದಟ್ಸ್ ಅಪ್ಪಾ," ಎಂದಳು ಅನಘಾ.

"ಮಾರಿ ಛಲೋ ಬಂದದ. ಕೈ ಹಚ್ಚೋದು ಮರ್ತೀರೇನು?"

"ನೋ ಆಂಟಿ, ವಿ ಲೆಫ್ಟ್ ದೆಮ್ ಆಫ್," ಎಂದಳು ನನ್ನ ಮಗಳು. "ಅದರ್‌ವೈಸ್ ಹಿ ವಿಲ್ ಹೆಲ್ಪ್."